ಚಿತ್ರ ಬೇಡವಾದ ಪುಸ್ತಕಗಳು

ಗೋಗಿ ಊರಿನ ಅಂಗನವಾಡಿ ಗೋಡೆಯ ಮೇಲೆ ಯಾರೋ ಕುರಿಗಳನ್ನು ಬರೆದಿದ್ದರು. ಅಕ್ಕನ ಮನೆಗೆ ಬಂದಿದ್ದ ಕಸ್ತೂರಿ ಅದನ್ನು ನೋಡಿ ನಿಂತುಬಿಟ್ಟಳು. ಪುಸ್ತಕದಲ್ಲಿರುವಂತೆ ಅವು ಸಾಲುಗಟ್ಟಿ ನಿಂತಿರಲಿಲ್ಲ. ಉರಿಬಿಸಿಲಿಗೆ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಮುದ್ದೆಯಾಗಿದ್ದವು.

"ಯಾರು ಬರದದ್ದು ಇದು?"

"ನಾನೇರಿ," ಎಂದಳು ಒಳಗೆ ಮಕ್ಕಳಿಗೆ ಅನ್ನ ಬಡಿಸುತ್ತಿದ್ದ ಸಹಾಯಕಿ. ಹೆಸರು ಸೌಭಾಗ್ಯ. ಗಂಡ ಭೀಮು ವರ್ಷದಲ್ಲಿ ಅರ್ಧ ಕುರಿಹಿಂಡಿನ ಜೊತೆ ಊರೂರು ತಿರುಗುವವನು. ಮನೆಯಲ್ಲಿ ಅತ್ತೆ ರೇಣಮ್ಮ, ಒಂದನೇ ತರಗತಿಯ ಮಗಳು.

ಕಸ್ತೂರಿ ರಂಗಂಪೇಟೆಯವಳು. ದಿನಾ ಬಸ್ಸಿನಲ್ಲಿ ಶಹಾಪುರಕ್ಕೆ ಹೋಗಿ, ಗೊಬ್ಬರದ ಅಂಗಡಿಯ ಮೇಲಿನ ಎರಡು ಖೋಲಿಗಳಲ್ಲಿ ವಿಶ್ವರಾಧ್ಯ ನಡೆಸುತ್ತಿದ್ದ ಆಫೀಸಿನಲ್ಲಿ ಚಿತ್ರ ಬರೆಯುತ್ತಿದ್ದಳು. ಅಮೆರಿಕದ ಶಾಲೆಗಳಲ್ಲಿ ಪಠ್ಯಪುಸ್ತಕದ ಜೊತೆಗೆ ಸಣ್ಣ ಮಕ್ಕಳ ಕೈಗೆ ತೆಳ್ಳನೆಯ ಓದುವ ಪುಸ್ತಕಗಳನ್ನು ಕೊಡುತ್ತಾರೆ. ಪುಟಕ್ಕೊಂದು ಸಾಲು, ಅದರ ಮೇಲೊಂದು ದೊಡ್ಡ ಚಿತ್ರ. ಅಂಥ ಪುಸ್ತಕ ಮಾರುವ ಕಂಪನಿಯೊಂದು ಹೈದರಾಬಾದಿನ ಏಜೆಂಟನ ಮೂಲಕ ಚಿತ್ರಗಳನ್ನು ಇಲ್ಲಿ ಬರೆಸುತ್ತಿತ್ತು. ಕರೋನಾ ಕಾಲದಲ್ಲಿ ಓದು ಮರೆತ ಮಕ್ಕಳಿಗಾಗಿ ಅಲ್ಲಿನ ಸರ್ಕಾರ ಶಾಲೆಗಳಿಗೆ ಕೈತುಂಬ ದುಡ್ಡು ಕೊಟ್ಟಿತ್ತು. ಶಾಲೆಗಳು ಕಂಡದ್ದೆಲ್ಲ ಕೊಳ್ಳುತ್ತಿದ್ದವು. ಆಫೀಸಿಗೆ ಇನ್ನೊಂದು ಕೈ ಬೇಕಾಗಿತ್ತು.

ಕಸ್ತೂರಿ ಸೌಭಾಗ್ಯಳನ್ನು ಕರೆದಳು. ರೇಣಮ್ಮ ಒಪ್ಪಲಿಲ್ಲ. "ಸರ್ಕಾರದ ಕೆಲಸಕ್ಕ ಮಂದಿ ಕಾಲು ಬೀಳ್ತಾರ. ಈಕಿ ಅದನ್ನ ಬಿಡ್ತೀನಂತಾಳ!"

"ಯಮ್ಮಾ, ನಾ ಅದೀನಲ್ಲ. ಜವಾಬ್ದಾರಿ ನಂದು," ಎಂದಳು ಕಸ್ತೂರಿ.

ಸೌಭಾಗ್ಯ ಬಂದಳು. ಕಂಪ್ಯೂಟರಿಗೆ ಜೋಡಿಸಿದ ಹಲಗೆಯ ಮೇಲೆ ಪೆನ್ನು ಹಿಡಿಯುವಾಗ ಮೊದಮೊದಲು ಅವಳ ಗೆರೆ ಎಲ್ಲೆಲ್ಲೋ ಹೋಗುತ್ತಿತ್ತು. ಬರೆಯುವುದು ಒಂದು ಕಡೆ, ಮೂಡುವುದು ಇನ್ನೊಂದು ಕಡೆ. ಒಮ್ಮೆ ರೂಢಿಯಾದ ಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. ತನ್ನ ಮಗಳನ್ನು ನೋಡಿ ಎರಡು ಜಡೆಯ ಹುಡುಗಿಯೊಬ್ಬಳನ್ನು ಬರೆದಳು. ಓಡುವಾಗ ಒಂದು ಹೆಗಲು ಮೇಲೆತ್ತುವ ಹುಡುಗಿ. ಕಂಪನಿಗೆ ಆ ಹುಡುಗಿ ಎಷ್ಟು ಹಿಡಿಸಿದಳೆಂದರೆ ಪುಸ್ತಕದ ಮೇಲೆ ಪುಸ್ತಕ ಅವಳದೇ ಬಂತು.

"ಅಲ್ಲಿ ಹುಡುಗ್ರು ನನ್ನ ಮಗಳ ಮಾರಿ ನೋಡಿ ಓದಾಕತ್ತಾವಲ್ಲಕ್ಕಾ!" ಎಂದು ಊಟದ ಡಬ್ಬಿ ಬಿಚ್ಚುತ್ತ ನಗುತ್ತಿದ್ದಳು.

ಆಮೇಲೆ ಕೆಲಸ ಇಳಿಯತೊಡಗಿತು. ಅಮೆರಿಕದ ಸರ್ಕಾರ ಕೊಟ್ಟ ದುಡ್ಡಿನ ಗಡುವು ಮುಗಿದು ಶಾಲೆಗಳು ಕೈ ಬಿಗಿ ಹಿಡಿದಿವೆ ಎಂದು ಏಜೆಂಟ ಹೇಳಿದ. ವಿಶ್ವರಾಧ್ಯ ತಾನೇ ಹೈದರಾಬಾದಿಗೆ ಹೋದ. ಮರಳಿ ಯಾದಗಿರಿಯಲ್ಲಿ ರೈಲಿಳಿದು, ಮನೆಗೂ ಹೋಗದೆ ನೇರ ಆಫೀಸಿಗೆ ಬಂದು ಕೂತ.

"ಚಿತ್ರ ಬ್ಯಾಡಂತರಿ ಕಸ್ತೂರಮ್ಮ."

"ಯಾವ ಚಿತ್ರ?"

"ಯಾವುದೂ ಬ್ಯಾಡಂತ. ಹುಡುಗ್ರು ಚಿತ್ರ ನೋಡಿ ಶಬ್ದ ಊಹಿಸ್ತಾವಂತ. ಕುದರಿ ಚಿತ್ರ ಇದ್ರ, ಕೆಳಗ ಏನ್ ಬರದದ ನೋಡದೇ ಕುದರಿ ಅಂತಾವಂತ. ಅದಕ್ಕ ಈಗ ಅಕ್ಷರ ಕೂಡಿಸಿ ಓದೂ ಪುಸ್ತಕಾನೇ ಬೇಕಂತ. ಎಷ್ಟೋ ರಾಜ್ಯದಾಗ ಕಾನೂನೇ ಮಾಡ್ಯಾರ. ಹಳೀ ಪುಸ್ತಕ ಯಾರೂ ಕೊಳ್ಳವಲ್ಲರು."

ಸೌಭಾಗ್ಯ ತಲೆ ತಗ್ಗಿಸಿ ಮೆಲ್ಲಗೆ ಹೇಳಿದಳು. "ಅದು ಖರೇನ ಅದರಿ. ನನ್ನ ಮಗಳೂ ಹಂಗ ಮಾಡ್ತಾಳ."

ಬೈಯಲು ಯಾರಾದರೂ ಸಿಕ್ಕಿದ್ದರೆ ಕಸ್ತೂರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಬಸ್ಸಿನಲ್ಲಿ ಹೋಗುವಾಗ ಅವಳಿಗೊಂದು ವಿಚಾರ ಹೊಳೆಯಿತು. ಚಿತ್ರ ಸಾಲಿನ ಮೇಲೇಕೆ ಇರಬೇಕು? ಮೊದಲು ಮಗು ಸಾಲು ಓದಲಿ, ಪುಟ ತಿರುವಲಿ, ಚಿತ್ರ ಹಾಳೆಯ ಹಿಂಬದಿಗಿರಲಿ. ಸರಿ ಓದಿದ್ದಕ್ಕೆ ಸಿಕ್ಕ ಬಹುಮಾನದ ಹಾಗೆ. ಮರುದಿನ ಇಬ್ಬರೂ ಸೇರಿ ಮಾದರಿ ಪುಸ್ತಕಕ್ಕೆ ಕೈಹಚ್ಚಿದರು. ಜಡೆಯ ಹುಡುಗಿಯ ಮೇಕೆಯೊಂದು ಬಸ್ ಹತ್ತಿಬಿಡುವ ಕಥೆ. ಆ ಮೇಕೆಯನ್ನು ಬರೆದಷ್ಟು ಖುಷಿಯಿಂದ ಸೌಭಾಗ್ಯ ಇನ್ನೇನನ್ನೂ ಬರೆದಿರಲಿಲ್ಲ.

ಏಜೆಂಟ ಫೋನಿನಲ್ಲಿ ಹೊಗಳಿದ. ಕಂಪನಿಯವರಿಗೆ ಬಹಳ ಹಿಡಿಸಿದೆ, ಸ್ವಲ್ಪ ತಡೀರಿ, ಎಂದ. ತಡೆದರು. ಬೇಸಿಗೆ ಕಳೆಯಿತು. ಏಜೆಂಟ ಫೋನ್ ಎತ್ತುವುದನ್ನು ಬಿಟ್ಟ.

ಒಂದು ಮಧ್ಯಾಹ್ನ ವಿಶ್ವರಾಧ್ಯ ಕಂಪನಿಯ ವೆಬ್‌ಸೈಟ್ ತೆರೆದು, ಕುರ್ಚಿ ಬಿಟ್ಟೆದ್ದ. ಕಸ್ತೂರಿ ಹೋಗಿ ನೋಡಿದಳು. ಹೊಸ ಪುಸ್ತಕಗಳ ಇಡೀ ಮಾಲೆ. ಸಾಲು ಈ ಪುಟದಲ್ಲಿ, ಚಿತ್ರ ಹಾಳೆಯ ಹಿಂಬದಿಯಲ್ಲಿ. ಪ್ರತಿಯೊಂದರಲ್ಲೂ ಎರಡು ಜಡೆಯ ಹುಡುಗಿ: ಸಮುದ್ರದ ದಂಡೆಯಲ್ಲಿ, ಹಿಮದಲ್ಲಿ, ಅಂಗಡಿಯಲ್ಲಿ, ಒಂದು ಹೆಗಲು ಮೇಲೆತ್ತಿ ಓಡುತ್ತಿದ್ದಳು.

ಸೌಭಾಗ್ಯ ಪರದೆಗೆ ಮುಖ ಹಚ್ಚಿ ನೋಡಿದಳು. "ನಾ ಇವ್ನ ಬರದಿಲ್ಲಲ್ಲಕ್ಕಾ. ಯಾರು ಬರದಾರ?"

"ಯಾರೂ ಬರದಿಲ್ಲವ್ವ," ಎಂದಳು ಕಸ್ತೂರಿ. "ನಮ್ಮ ಹಳೀ ಚಿತ್ರಾ ಎಲ್ಲಾ ಎಐ ಅನ್ನೂ ಮಷೀನಿಗೆ ಹಾಕ್ಯಾರ. ಅವ್ನ ನೋಡಿ ಈಗ ಅದೇ ಬರೀತದ."

"ಕೇಳಾಕ ಬರೂದಿಲ್ಲೇನ್ರಿ?"

"ಚಿತ್ರ ಕೊಟ್ಟಮ್ಯಾಲ ಅವು ಅವರ್ವೇ ಅಂತ ಸಹಿ ಮಾಡಿ ಕೊಟ್ಟೀನಿ," ಎಂದ ವಿಶ್ವರಾಧ್ಯ ಬಾಗಿಲ ಕಡೆ ನೋಡುತ್ತ. "ಅವಾಗ ಇಂಥಾದ್ದೊಂದು ಬರ್ತದಂತ ಯಾರಿಗೆ ಗೊತ್ತಿತ್ತು?"

ಆ ವಾರವೇ ಆಫೀಸು ಮುಚ್ಚಿತು. ಕಸ್ತೂರಿ ಸೌಭಾಗ್ಯಳನ್ನು ಕರೆದುಕೊಂಡು ಯಾದಗಿರಿಗೆ ಹೋಗಿ ಅಂಗನವಾಡಿ ಇಲಾಖೆಯ ಕಚೇರಿಯಲ್ಲಿ ಹಳೆಯ ಕೆಲಸ ಮತ್ತೆ ಸಿಗುವುದೇ ಎಂದು ಕೇಳಿದಳು. ಸಹಾಯಕಿಯ ಜಾಗಕ್ಕೆ ಬೇರೆಯವಳನ್ನು ತೆಗೆದುಕೊಂಡು ಬಹಳ ದಿನವಾಗಿತ್ತು. "ರಾಜೀನಾಮೆ ಕೊಟ್ಟವರು ನೀವೇ ಅಲ್ಲೇನ್ರಿ?" ಎಂದರು ಮೇಜಿನ ಆಚೆಯ ಮೇಡಂ. ದನಿಯಲ್ಲಿ ಸಿಟ್ಟಿರಲಿಲ್ಲ. ವಾಪಸ್ಸು ಬರುವಾಗ ಬಸ್ಸು ಭೀಮಾ ಸೇತುವೆ ದಾಟಿತು, ಶಹಾಪುರ ಬಂತು. ಸೌಭಾಗ್ಯ ಇಳಿದು ಗೋಗಿಯ ಆಟೋ ಹತ್ತಿದಳು.

ದೀಪಾವಳಿ ಕಳೆದ ಮೇಲೆ ಶಹಾಪುರದ ಒಂದು ಶಾಲೆಯವರು ಗೋಡೆಗೆ ಚಿತ್ರ ಬರೆಯಲು ಕಸ್ತೂರಿಯನ್ನು ಕೇಳಿದರು. ಅವಳು ಆಸೆಯಿಂದ ಗೋಗಿಗೆ ಓಡಿದಳು. ಮನೆಯ ಮುಂದೆ ಜೋಳ ಹಸನು ಮಾಡುತ್ತಿದ್ದ ರೇಣಮ್ಮ ತಲೆ ಎತ್ತಲಿಲ್ಲ.

"ಗಂಡನ ಕೂಡ ಕುರಿ ಹಿಂದ ಹೋಗ್ಯಾಳ. ಹುಡುಗಿ ನನ್ನ ಹಂತ್ಯಾಕ ಮನ್ಯಾಗ ಅದ."

ಹಿಂಡು ಇನ್ನೂ ದೂರ ಹೋಗಿರಲಿಲ್ಲ. ಹತ್ತಿ ಬಿಡಿಸಿದ ಹೊಲವೊಂದರಲ್ಲಿ ಸೌಭಾಗ್ಯ ಸಿಕ್ಕಳು. ಬಿಸಿಲಿಗೆ ಕಪ್ಪಾಗಿದ್ದಳು. ಕಸ್ತೂರಿ ಗೋಡೆಯ ಕೆಲಸದ ವಿಷಯ ಹೇಳಿದಳು.

"ನೀವೇ ಬರೀರಿ ಅಕ್ಕಾ."

"ಯಾಕವ್ವಾ? ನನ್ನ ಮ್ಯಾಲ ಸಿಟ್ಟೇನು?"

"ಸಿಟ್ಟಲ್ರಿ." ಸೌಭಾಗ್ಯ ತನ್ನ ಬಲಗೈಯನ್ನು ನೋಡಿಕೊಂಡಳು. "ಮೊನ್ನಿ ಮನ್ಯಾಗಿದ್ದಾಗ ಮಗಳು ಬರಿಯಂತ ಹಟ ಮಾಡಿದ್ಳು, ಪಾಟಿ ಮ್ಯಾಲ ಆಕಿ ಮಾರಿ ಬರದೆ. ಬರದು ನೋಡಿದ್ರ, ಆ ಮಷೀನಿನ ಹುಡುಗೀನೇ ಕಂಡ್ಳು. ಅಳಿಸಿ ಮತ್ತ ಬರದೆ. ಮತ್ತ ಅದೇ. ನನ್ನ ಮಗಳು ನನ್ನ ಕೈಗೆ ಬರವಲ್ಲಳು ಅಕ್ಕಾ."

ಕಸ್ತೂರಿ ಅವಳ ಕೈ ಹಿಡಿಯಲು ಹೋದಳು. ಅಷ್ಟರಲ್ಲಿ ಕುರಿಗಳು ಪಕ್ಕದ ತೊಗರಿಗೆ ಬಾಯಿ ಹಾಕಿದವು. ಭೀಮು ದೂರದಿಂದ ಕೂಗಿದ. ಸೌಭಾಗ್ಯ ಕೋಲೆತ್ತಿಕೊಂಡು ಓಡಿದಳು, ತಿರುಗಿ ಬರಲಿಲ್ಲ.

ಕಸ್ತೂರಿ ಬಹಳ ಹೊತ್ತು ಕಾದಳು. ಆಮೇಲೆ ರಸ್ತೆಗೆ ಬಂದು ಶಹಾಪುರದ ಆಟೋ ಹತ್ತಿದಳು. ಪಕ್ಕದಲ್ಲಿದ್ದ ಹೆಂಗಸು ಯಾವೂರವ್ವಾ ಎಂದು ಕೇಳಿದಳು. ಉತ್ತರ ಕೊಡಲು ಬಾಯಿ ತೆರೆದ ಕಸ್ತೂರಿಗೆ ಅಳು ಒತ್ತಿ ಬಂತು.