ಏಳು ಒಲೆಗಳು

ಸೆಪ್ಟೆಂಬರ್ ಇಪ್ಪತ್ತಾರು, ಬೆಳಿಗ್ಗೆ ಒಂಬತ್ತೂವರೆ. ಮಿಯೆಸ್ಸಿ ದಿಬ್ಬದ ಸರ್ವೆಗೆ ಅದು ಮೂರನೆಯ ಮತ್ತು ಕಡೆಯ ದಿನ. ಅಲ್ಲಿಯವರೆಗೆ ಏನೂ ಸಿಕ್ಕಿರಲಿಲ್ಲ.

ಗಾಳಿಯಂತ್ರಗಳನ್ನು ಸಾಗಿಸುವ ರಸ್ತೆಗೆ ಕಂಪನಿ ಈ ದಿಬ್ಬದ ಮೇಲೆ ಗೂಟ ನೆಟ್ಟಿತ್ತು. ಪ್ರತಿ ಮೇ ತಿಂಗಳಲ್ಲಿ ಮಂದೆ ಕಾಯುವ ಗಾರೆನ್‌ಳ ಹಿಮಸಾರಂಗಗಳು ಕರು ಹಾಕುವುದು ಇಲ್ಲೇ. ಆ ಕಾರಣ ಕೊಟ್ಟು ಹಾಕಿದ್ದ ತಕರಾರು ಹಿಂದಿನ ವರ್ಷವೇ ಬಿದ್ದುಹೋಗಿತ್ತು. ಈಗ ಉಳಿದಿದ್ದುದು ಒಂದೇ ದಾರಿ. ಈ ಸೀಮೆಯ ಮೂಲನಿವಾಸಿಗಳಾದ ಅವಳ ಸಾಮಿ ಜನ 1917ಕ್ಕಿಂತ ಮೊದಲು ಇಲ್ಲಿ ಇದ್ದರೆಂಬ ಕುರುಹು ನೆಲದಲ್ಲಿ ಸಿಕ್ಕರೆ ಕಾನೂನು ಅದನ್ನು ತಾನಾಗಿಯೇ ಕಾಯುತ್ತದೆ.

ಕುರುಹು ಎಲ್ಲಿದೆಯೆಂದು ಎಪ್ಪತ್ತೇಳು ವರ್ಷದ ಗಾರೆನ್‌ಗೆ ಗೊತ್ತಿತ್ತು. ಎರಡು ದಿನ ಬಾಯಿ ಬಿಟ್ಟಿರಲಿಲ್ಲ. ಡೇರೆ ಕಿತ್ತ ಮೇಲೆ ಒಲೆಯ ಕಲ್ಲುಗಳ ಮೇಲೆ ಹುಲ್ಲುಹೆಂಟೆ ಮುಚ್ಚಿ ಹೊರಡುವುದು ಅವಳ ಮನೆತನದ ರೂಢಿ. ತಾವು ಇದ್ದ ಜಾಗವನ್ನು ಹೊರಗಿನವರಿಗೆ ತೋರಿಸಬಾರದು. ಇಲ್ಲಿ ಡೇರೆ ಹಾಕಿದ ಕಡೆಯ ಬೇಸಿಗೆಯಲ್ಲಿ ಹೆಂಟೆ ಮುಚ್ಚುವ ಕೆಲಸ ಏಳು ವರ್ಷದ ಅವಳದೇ ಆಗಿತ್ತು.

ಕಂಪನಿಯ ಪರವಾಗಿ ಓಸ್ಲೋದಿಂದ ಬಂದಿದ್ದ ಟೊರ್ಗೆಯ್ರ್ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ.

"ಮೂರು ದಿನ ಆಯ್ತಮ್ಮ. ಇಲ್ಲಿ ಯಾರೂ ಇರಲೇ ಇಲ್ಲ ಅಂತ ಬರೆದುಬಿಡೋಣ."

"ಯಾರೂ ಇಲ್ಲ ಅನ್ನೋ ಹಾಗೇ ಇದ್ವಿ ಕಣಪ್ಪ," ಎಂದಳು ಗಾರೆನ್. "ಅದಕ್ಕೇ ನಿಂಗೆ ಇಷ್ಟು ಧೈರ್ಯ."

ಎದ್ದು ಹೋಗಿ ಎರಡು ಗೂಟಗಳ ನಡುವೆ ಊರುಗೋಲು ಊರಿದಳು. "ರಿಸ್ತೆನ್, ಇಲ್ಲಿ ಚುಚ್ಚು ಮಗಳೇ."

ಸಾಮಿ ಸಂಸತ್ತಿನ ಸರ್ವೆಯವಳಾದ ರಿಸ್ತೆನ್ ಉಕ್ಕಿನ ಕೊಳವೆಯನ್ನು ನೆಲಕ್ಕಿಳಿಸಿ, ತಿರುಗಿಸಿ ಎಳೆದಳು. ಕೊಳವೆಯ ಮಣ್ಣಿನಲ್ಲಿ ಬೆರಳು ದಪ್ಪದ ಇದ್ದಿಲಿತ್ತು. ಅದರ ಕೆಳಗೆ ಸುಟ್ಟು ಕೆಂಪಾದ ಮರಳು.

"ನಮ್ಮಮ್ಮ ಹುಟ್ಟಿದ್ದು ಈ ಒಲೆ ಪಕ್ಕದಲ್ಲೇ, ಸಾವಿರದ ಒಂಬೈನೂರ ಹದಿನಾಲ್ಕನೇ ಇಸವೀಲಿ. ಚರ್ಚಿನ ಪುಸ್ತಕದಲ್ಲಿದೆ, ಹೋಗಿ ನೋಡ್ಕೋ."

ಟೊರ್ಗೆಯ್ರ್ ಗಾಬರಿಯಾಗಲಿಲ್ಲ. ಕಾನೂನಿನ ಪ್ರಕಾರ ಒಲೆಯ ಸುತ್ತ ಐದು ಮೀಟರ್ ಬಿಟ್ಟರೆ ಸಾಕು, ರಸ್ತೆಯನ್ನು ಸ್ವಲ್ಪ ಬಳಸಿ ಒಯ್ಯುತ್ತೇವೆ ಎಂದು ನಕ್ಷೆಯಲ್ಲಿ ಗೆರೆ ಎಳೆದೂ ತೋರಿಸಿದ.

"ಒಂದೇ ಡೇರೇಲಿ ಇದ್ವಿ ಅಂತ ನಿಂಗೆ ಯಾರು ಹೇಳಿದ್ರು?"

ಅವಳು ಜೌಗಿನ ಅಂಚಿಗೆ ನಡೆದು, ಅಲ್ಲಿಂದ ಬಂಡೆಯ ಅಂಚಿನ ಕಡೆಗೆ ಹೆಜ್ಜೆ ಎಣಿಸತೊಡಗಿದಳು. ಹದಿನಾಲ್ಕು ಹೆಜ್ಜೆಗೊಮ್ಮೆ ನಿಂತಳು. ನಿಂತಲ್ಲೆಲ್ಲ ಇದ್ದಿಲು ಬಂತು. ಐದನೆಯ ಕಡೆ ಮಾತ್ರ ಕೊಳವೆಯಲ್ಲಿ ಬರೀ ಮರಳು. ಟೊರ್ಗೆಯ್ರ್ ಮುಗುಳ್ನಕ್ಕ. ಗಾರೆನ್ ನೆಲವನ್ನೇ ನೋಡುತ್ತ ನಿಂತು, ಆಮೇಲೆ ಎರಡು ಹೆಜ್ಜೆ ಎಡಕ್ಕೆ ಸರಿದಳು.

"ಇದು ನಮ್ಮ ಚಿಕ್ಕಪ್ಪಂದು. ಆ ಮನುಷ್ಯ ಯಾವತ್ತೂ ಸಾಲಲ್ಲಿ ನೆಟ್ಟಗೆ ನಿಂತೋನಲ್ಲ."

ಅಲ್ಲಿ ಇದ್ದಿಲು ಬಂತು.

ಒಟ್ಟು ಏಳು ಒಲೆಗಳು. ಜೌಗಿನಿಂದ ಬಂಡೆಯವರೆಗೆ ಸಾಲು ದಿಬ್ಬವನ್ನು ಅಡ್ಡಗಟ್ಟಿತ್ತು. ಟೊರ್ಗೆಯ್ರ್ ಅಳತೆಪಟ್ಟಿ ಹಿಡಿದು ಅಳೆದ. ಒಲೆಯಿಂದ ಒಲೆಗೆ ಹತ್ತು ಮೀಟರ್ ಮೀರಲಿಲ್ಲ. ಎರಡೂ ಕಡೆ ಐದೈದು ಬಿಟ್ಟರೆ ರಸ್ತೆಗೆ ಉಳಿಯುವುದು ಸೊನ್ನೆ. ಒಲೆ ಇಲ್ಲದ ಕಡೆ ಜೌಗು, ಇಲ್ಲವೇ ಪ್ರಪಾತ.

"ಏಳನ್ನೂ ಬರೀಲೇಬೇಕಾ?" ಎಂದು ರಿಸ್ತೆನ್‌ಳನ್ನು ತಗ್ಗಿದ ದನಿಯಲ್ಲಿ ಕೇಳಿದ.

"ಬರೆದಾಯ್ತು," ಎಂದಳು ರಿಸ್ತೆನ್.

ಅಭ್ಯಾಸಬಲದಿಂದ ಗಾರೆನ್ ಬಗ್ಗಿ ಮೊದಲನೆಯ ತೂತಿನ ಮೇಲೆ ಹೆಂಟೆ ಎಳೆಯತೊಡಗಿದ್ದಳು. ಅರ್ಧದಲ್ಲಿ ಕೈ ನಿಂತಿತು. ಹೆಂಟೆಯನ್ನು ಪಕ್ಕಕ್ಕೆಸೆದು, ರಿಸ್ತೆನ್‌ಳ ಚೀಲದಿಂದ ಕೆಂಪು ಬಾವುಟದ ಕಡ್ಡಿಗಳನ್ನು ತೆಗೆದುಕೊಂಡು, ಏಳೂ ಕಡೆ ತಾನೇ ಚುಚ್ಚಿದಳು. ರಸ್ತೆಯ ಗೂಟಗಳಿಗಿಂತ ಎತ್ತರಕ್ಕೆ ಕಾಣುತ್ತವೆಯೇ ಎಂದು ದೂರ ನಿಂತು ನೋಡಿದಳು.

ಜನವರಿಯಲ್ಲಿ ಇದ್ದಿಲಿನ ಪರೀಕ್ಷೆಯ ವರದಿ ಬಂತು. ಎಲ್ಲಕ್ಕಿಂತ ಹಳೆಯ ಒಲೆಗೆ ಒಂಬೈನೂರು ವರ್ಷ. ಮಾರ್ಚ್‌ನಲ್ಲಿ ಕಂಪನಿ ರಸ್ತೆಯ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಮೇ ತಿಂಗಳಲ್ಲಿ ದಿಬ್ಬದ ಮೇಲೆ ನೂರಾ ಹನ್ನೆರಡು ಕರುಗಳು ಹುಟ್ಟಿದವು.