ಸೊಂಟದ ಗೋಲಿ

ಮಗ ಗಾಲಿಕುರ್ಚಿ ಬಿಡಿಸುವಷ್ಟರಲ್ಲಿ ಅಮ್ಮ ಕಾರಿನಿಂದ ಒಂದು ಕಾಲು ಕೆಳಗಿಟ್ಟಾಗಿತ್ತು.

"ಕೂತ್ಕೋಮ್ಮ. ಗೇಟಿಂದ ಒಳಗೆ ತುಂಬ ದೂರ ಇದೆ."

"ನಿಮ್ಮಪ್ಪನ ಹಿಂದೆ ಉರುಳ್ಕೊಂಡು ಹೋಗ್ಲಾ? ನೋಡಿದೋರು ಏನಂತಾರೆ!"

ಅಪ್ಪನ ಚಟ್ಟ ಹೊತ್ತವರೆಲ್ಲ ಕಾರ್ಖಾನೆಯವರು. ಹೆಗಲು ಕೊಡುವ ವಯಸ್ಸು ದಾಟಿದ್ದ ಕುಲುಮೆಯವನು ಮಾತ್ರ ಅಮ್ಮನ ಪಕ್ಕಕ್ಕೆ ಬಂದ. ಸತ್ತವನನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. 'ಪಾಲಿಶ್' ಅಂದರೆ ಸಾಕಿತ್ತು. ಸವೆದ ಸೊಂಟಕ್ಕೆ ಬದಲಿಯಾಗಿ ಕೂರಿಸುವ ಸೆರಾಮಿಕ್ ಗೋಲಿಗಳಿಗೆ ವಜ್ರದ ಪುಡಿ ಉಜ್ಜಿ ಕೊನೆಯ ನಯ ಕೊಡುವುದು ಅವನ ಕೆಲಸ.

"ನಾನು ಸುಟ್ಟು ಗಟ್ಟಿ ಮಾಡಿ ಕೊಟ್ರೆ, ಇವನು ಭೂತಗನ್ನಡಿ ಹಿಡ್ಕೊಂಡು ಗೀರು ಹುಡುಕೋನು ಅತ್ತಿಗೆ. ಇವತ್ತಿನ ಗೀರೇ ನಾಳೆ ಬಿರುಕು ಅಂತ ತಲೆ ತಿನ್ನೋನು."

"ಮನೇಲೂ ಅದೇ. ಪಾತ್ರೆ ಉಜ್ಜೋಕೆ ತಂತಿ ನಾರು ತಂದಿದ್ದಕ್ಕೆ ಮಾತೇ ಬಿಟ್ಟಿದ್ರು."

ಇಬ್ಬರೂ ನಕ್ಕರು. ಹಿಂದಿದ್ದ ಬೀಗಿತ್ತಿ ಅಳು ನಿಲ್ಲಿಸಿ ನೋಡಿದರು.

*

ಅಮ್ಮನ ಸೊಂಟ ಬದಲಿಸಿದ ಮೇಲೆ ಅಪ್ಪ ಅವಳನ್ನು ಮನೆಯ ಉದ್ದಕ್ಕೂ ನಡೆಸುತ್ತಿದ್ದ. ತಾನು ಹಿಂದೆ, ಕಿವಿ ಬಾಗಿಸಿಕೊಂಡು.

"ಚಪ್ಪಲಿ ಬಿಡೇ. ಅದರ ಸದ್ದಲ್ಲಿ ಏನೂ ಕೇಳ್ಸಲ್ಲ."

"ಏನು ಕೇಳ್ಬೇಕು?"

"ಏನೂ ಕೇಳ್ಬಾರ್ದು. ನಡಿ."

ಅವಳು ಗೋಡೆ ಮುಟ್ಟಿ ತಿರುಗಿದಾಗ ಅವನ ಮುಖ ಪರೀಕ್ಷೆ ಪಾಸಾದ ಹುಡುಗನದು. "ಕಿರ್ ಅನ್ನಲ್ಲ ನೋಡು! ನಮ್ದೇ ಗೋಲಿ. ನನ್ನ ಕೈಯಿಂದಾನೇ ಹೋಗಿರೋದು."

ಅಷ್ಟು ವರ್ಷ ಉಜ್ಜಿ ಕಳಿಸಿದ ಗೋಲಿಗಳು ಯಾರ್ಯಾರ ಮೈಯಲ್ಲಿ ಎಲ್ಲೆಲ್ಲಿ ನಡೆಯುತ್ತಿದ್ದವೋ, ಅವನು ಒಂದನ್ನೂ ಕಂಡಿರಲಿಲ್ಲ.

ಇದು ಬೇರೆ ಕಂಪನಿಯದೆಂದು ಡಾಕ್ಟರು ಅವಳಿಗೂ ಮಗನಿಗೂ ಮೊದಲೇ ಹೇಳಿದ್ದರು. "ಹೌದೂರೀ, ನಿಮ್ದೇ," ಅಂದಿದ್ದಳು ಅವಳು.

*

"ಅತ್ತಿಗೆ, ನಿಮಗೆ ಹಾಕಿರೋ ಗೋಲಿ ನಮ್ಮಲ್ಲೀದೇ ಅಂತೆ?" ಕುಲುಮೆಯವನ ದನಿಯಲ್ಲಿ ಆಸೆಯಿತ್ತು. "ಪಾಲಿಶ್ ಊರೆಲ್ಲ ಸಾರ್ಕೊಂಡು ಬಂದಿದ್ದ."

"ಇಲ್ಲ, ಅದು..." ಮಗ ಬಾಯಿ ತೆರೆದ. ಅಮ್ಮ ಅವನ ಮೊಣಕೈ ಹಿಂಡಿದಳು.

"ಸುಮ್ನಿರೋ, ನಿನಗೇನು ಗೊತ್ತು." ಆಮೇಲೆ ಕುಲುಮೆಯವನತ್ತ ತಿರುಗಿದಳು. "ನಿಮ್ಮದಲ್ದೆ ಇನ್ಯಾರದು?"

ಯಾವಾಗಲೂ ಹಿಂದೆ ಬರುತ್ತಿದ್ದವನು ಇವತ್ತು ಮುಂದೆ ಹೋಗುತ್ತಿದ್ದ. ಅಮ್ಮ ಚಪ್ಪಲಿ ಬಿಟ್ಟು ಸಿಮೆಂಟಿನ ದಾರಿಯ ಮೇಲೆ ಬರಿಗಾಲಿಟ್ಟಳು. ಪಕ್ಕದಲ್ಲಿ ಕುಲುಮೆಯವನು ಕಿವಿ ಬಾಗಿಸಿಕೊಂಡು ನಡೆದ.

ಹಿಂದೆ ಖಾಲಿ ಕುರ್ಚಿಯ ಗಾಲಿ ಕಿರ್ ಅಂದಿತು.

ಮಗ ನಿಂತ. ಚಪ್ಪಲಿಗಳನ್ನು ಅದರ ಸೀಟಿನ ಮೇಲಿಟ್ಟು, ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಸದ್ದಾಗದಂತೆ ಅವರ ಹಿಂದೆ ಬಂದ.