ಹೆಸರು ಮುಚ್ಚಿದ ಪ್ರಬಂಧಗಳು

"ಇದೇನಮ್ಮ, ಜರ್ನಲ್‌ಗಳ ಹೆಸರೇ ಕಾಣ್ತಿಲ್ವಲ್ಲ?"

ಪ್ರಬಂಧದ ನೆತ್ತಿಗೆ ಅಂಟಿಸಿದ್ದ ಬಿಳಿ ಕಾಗದವನ್ನು ಅಧ್ಯಕ್ಷರು ಉಗುರಿನಿಂದ ಕೆರೆದರು.

"ನಾನೇ ಮುಚ್ಚಿದ್ದೀನಿ ಸರ್," ಎಂದಳು ಉಪನ್ಯಾಸಕಿ. "ಮೊದಲು ಓದಿ, ಆಮೇಲೆ ಕಿತ್ತು ನೋಡಿ."

ಸಮಿತಿಯ ಮೂವರೂ ಮುಖ ಮುಖ ನೋಡಿಕೊಂಡರು. ಅವಳ ಕೆಲಸ ಖಾಯಂ ಆಗಬೇಕೋ, ಈ ವರ್ಷವೇ ಗಂಟುಮೂಟೆ ಕಟ್ಟಬೇಕೋ ಎಂಬುದು ಇವರ ಕೈಯಲ್ಲಿತ್ತು. ದೊಡ್ಡ ಜರ್ನಲ್‌ನಲ್ಲಿ ಬರೆದವರು ಒಳಗೆ, ಸಣ್ಣದರಲ್ಲಿ ಬರೆದವರು ಹೊರಗೆ. ಆ ಕಾಲೇಜಿನಲ್ಲಿ ನಡೆದುಬಂದ ಪದ್ಧತಿ ಅದು. ಬರೆದದ್ದನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. ಪಾಪ, ಅವರಿಗಾದರೂ ಪುರುಸೊತ್ತೆಲ್ಲಿ?

ಬೆಳಿಗ್ಗೆ ತಂಗಿ ಬೈದಿದ್ದಳು. "ತಲೆ ಕೆಟ್ಟಿದ್ಯಾ ಅಕ್ಕ? ಅವರು ಕೇಳಿದ ಹಾಗೆ ಕೊಟ್ಟು ಬಾ." ಅಕ್ಕ ನಗುತ್ತಲೇ ಅಂಟು ಹಚ್ಚಿದ್ದಳು. ಭಯವಿರಲಿಲ್ಲವೆಂದಲ್ಲ. ತನ್ನ ಕೆಲಸದ ಮೇಲಿನ ನಂಬಿಕೆ ಅದಕ್ಕಿಂತ ದೊಡ್ಡದಿತ್ತು.

"ಹೆಸರಿಲ್ಲದೆ ಹೇಗಮ್ಮ ತೂಗೋದು?" ಅಧ್ಯಕ್ಷರು ಗೊಣಗಿದರು.

ಸಮಿತಿಯ ಹಿರಿಯರು ಕಟ್ಟಡ ವಿಭಾಗದ ಮೇಷ್ಟ್ರು, ಖಡಕ್ ಆಸಾಮಿ. ಅವರು ಕೈಗೆ ಸಿಕ್ಕ ಒಂದು ಪ್ರಬಂಧವನ್ನು ಎಳೆದುಕೊಂಡರು. ಅದು ಹಳೆಯ ಗೋಡೆಗಳ ತೇವದ ಕುರಿತದ್ದು. ದೊಡ್ಡ ಜರ್ನಲ್‌ಗಳೆಲ್ಲ ಬೇಡವೆಂದ ಮೇಲೆ ಗಾರೆ ಕೆಲಸದವರ ಸಂಘದ ಪುಟ್ಟ ಜರ್ನಲ್ ಅದನ್ನು ಅಚ್ಚು ಹಾಕಿತ್ತು. ಇದನ್ನೇ ಹಿಡಿದರಲ್ಲ ಮಹಾರಾಯರು ಎಂದುಕೊಂಡಳು ಅವಳು. ಆದರೂ ಕುರ್ಚಿಯಲ್ಲಿ ನೆಟ್ಟಗೇ ಕುಳಿತಳು.

ಎರಡನೆಯ ಪುಟದಲ್ಲಿ ಮೇಷ್ಟ್ರ ಬೆರಳು ನಿಂತಿತು. "ಸುಣ್ಣ ಸೊಂಟದೆತ್ತರದವರೆಗೆ ಮಾತ್ರ ಉದುರಿದರೆ ನೀರು ನೆಲದಿಂದ ಏರ್ತಿದೆ ಅಂತೀರಾ?"

"ಹೌದು ಸರ್. ಚಾವಣಿ ರಿಪೇರಿ ಮಾಡಿಸಿ ಏನೂ ಪ್ರಯೋಜನ ಇಲ್ಲ."

ಅವರೆಲ್ಲ ಕುಳಿತಿದ್ದ ಆ ಹಳೆಯ ಕೋಣೆಯ ಚಾವಣಿಯನ್ನು ಪ್ರತಿ ಬೇಸಿಗೆಯಲ್ಲೂ ಮುಂದೆ ನಿಂತು ರಿಪೇರಿ ಮಾಡಿಸುತ್ತಿದ್ದವರು ಇದೇ ಮೇಷ್ಟ್ರು. ಗೋಡೆಯ ಸುಣ್ಣ ಮಾತ್ರ ಪ್ರತಿ ಮಳೆಗಾಲದಲ್ಲೂ ಉದುರುತ್ತಿತ್ತು.

ಅಧ್ಯಕ್ಷರಿಗೆ ತಾಳ್ಮೆ ತಪ್ಪಿತು. "ಯಾವ ಜರ್ನಲ್ ಅಂತ ನೋಡಿಬಿಡೋಣ, ಕೊಡಿ ಇಲ್ಲಿ," ಎಂದು ಬಿಳಿ ಕಾಗದಕ್ಕೆ ಮತ್ತೆ ಉಗುರು ಹಾಕಿದರು.

"ತಡೀರಿ," ಮೇಷ್ಟ್ರು ಅವರ ಕೈ ಸರಿಸಿದರು. "ಇನ್ನೂ ಓದ್ತಿದ್ದೀನಿ."

ಪ್ರಬಂಧವನ್ನು ಹಿಡಿದುಕೊಂಡೇ ಎದ್ದು ಕುರ್ಚಿಯ ಹಿಂದಿನ ಗೋಡೆಯ ಬಳಿ ಹೋದರು. ತಲೆಯೆತ್ತಿ ಒಣಗಿದ್ದ ಚಾವಣಿಯನ್ನು ನೋಡಿದರು. ಆಮೇಲೆ ಕಷ್ಟಪಟ್ಟು ಬಗ್ಗಿ, ಗೋಡೆಯ ಬುಡಕ್ಕೆ ಅಂಗೈ ಒತ್ತಿ ಹಿಡಿದರು. ತುಸು ಹೊತ್ತಿನ ಮೇಲೆ, ಎದ್ದು ನಿಲ್ಲದೆಯೇ, ಒದ್ದೆಯಾದ ಆ ಕೈಯನ್ನು ಅಧ್ಯಕ್ಷರ ಕಡೆ ಚಾಚಿದರು.